ಐದಡಿಯವರಿಗೊಂದು ಬೈಕು

ಬೈಕು ನೋಡಲು ಷೋರೂಮಿಗೆ ಹೋದ ಗಿಡ್ಡ ಆಳನ್ನು, ಅದರಲ್ಲೂ ಹೆಂಗಸನ್ನು, ಅಲ್ಲಿಯ ಹುಡುಗರು ಮೊದಲು ಕರೆದೊಯ್ಯುವುದು ಸ್ಕೂಟರ್ ಸಾಲಿಗೆ. ‘ಮೇಡಂ, ನಿಮಗೆ ಇದೇ ಕಂಫರ್ಟು’ ಎನ್ನುತ್ತಾರೆ. ಮಾತಿನಲ್ಲಿ ಕೆಡುಕೇನೂ ಇರುವುದಿಲ್ಲ. ಆದರೆ ಬಂದವರು ಯಾವ ದಾರಿಯಲ್ಲಿ ಓಡಾಡುತ್ತಾರೆ, ದಿನಕ್ಕೆ ಎಷ್ಟು ದೂರ, ಹಿಂದೆ ಯಾರನ್ನು ಕೂರಿಸಿಕೊಳ್ಳುತ್ತಾರೆ ಎಂದು ಒಂದು ಮಾತೂ ಕೇಳದೆ, ಎತ್ತರ ನೋಡಿಯೇ ತೀರ್ಮಾನ ಮಾಡಿಬಿಡುವುದನ್ನು ನಾನು ಒಪ್ಪಲಾರೆ. ನಮ್ಮ ದೇಶದ ಹೆಂಗಸರ ಸರಾಸರಿ ಎತ್ತರವೇ ಐದಡಿಯ ಆಸುಪಾಸು. ಐದಡಿಯವರಿಗೆ ಹೊಂದುವ ಗಾಡಿ ಹುಡುಕುವುದೆಂದರೆ ಈ ದೇಶದ ಅರ್ಧ ಜನಕ್ಕೆ ಹೊಂದುವ ಗಾಡಿ ಹುಡುಕಿದ ಹಾಗೆಯೇ.

ನಮ್ಮಣ್ಣನ ಮಗಳಿಗೆ ಸಕಲೇಶಪುರದ ಆಚೆಯ ಹಳ್ಳಿಗಳಲ್ಲಿ ತಿರುಗುವ ಕೆಲಸ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಎದ್ದ ಜಲ್ಲಿ, ವರ್ಷವಿಡೀ ಏರು ಇಳಿಜಾರು. ಸ್ಕೂಟರಿನ ಚಕ್ರ 10 ಇಂಚೋ 12 ಇಂಚೋ ಇರುತ್ತದೆ, ಸಾಧಾರಣ ಬೈಕಿನದು 17 ಅಥವಾ 18. ಚಕ್ರ ದೊಡ್ಡದಾದಷ್ಟೂ ಗುಂಡಿಗೆ ಇಳಿದು ಹತ್ತುವುದು ಸಲೀಸು. ಹಾಗಾಗಿ ಅವಳಿಗೆ ಬೈಕೇ ಬೇಕಿತ್ತು. ಮನೆಯಲ್ಲಿ ಸಭೆ ಸೇರಿತು. ಅವಳಪ್ಪ ‘ಬುಲೆಟ್ ತಗೊ, ಗಟ್ಟಿ ಗಾಡಿ’ ಎಂದ. ಅವಳಮ್ಮ ‘ಬಿದ್ದುಗಿದ್ದೀಯ, ಸ್ಕೂಟಿ ಸಾಕು’ ಎಂದಳು. ಹುಡುಗಿ ನನ್ನ ಕಡೆ ತಿರುಗಿ, ‘ಅತ್ತೆ, ನೀವೇ ಹೇಳಿ. ನೀವೂ ನನ್ನಷ್ಟೇ ಇದ್ದೀರಲ್ಲ, ಹೇಗೆ ಓಡಿಸ್ತೀರ?’ ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಹಿಗ್ಗಿಸಿ ಹೇಳುತ್ತೇನೆ.

ಮೊದಲನೆಯದಾಗಿ, ಬೈಕಿಗೆ ಬೇಕಾದ ಎತ್ತರ ನೆತ್ತಿಯಿಂದ ಅಳೆಯುವ ಎತ್ತರವಲ್ಲ. ಐದಡಿ ಎರಡಂಗುಲದ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ. ಒಬ್ಬರಿಗೆ ಕಾಲು ಉದ್ದ, ಇನ್ನೊಬ್ಬರಿಗೆ ಮೈ ಉದ್ದ. ಬೈಕಿನ ಮೇಲೆ ಇಬ್ಬರೂ ಬೇರೆ ಬೇರೆ ಲೆಕ್ಕ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ತೊಡೆಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚು ಗೋಡೆಗೆ ತಾಗಿದ ಕಡೆ ಪೆನ್ಸಿಲ್ ಗುರುತು ಮಾಡಿಸಿಕೊಳ್ಳಿ. ಅಲ್ಲಿಂದ ನೆಲದವರೆಗಿನ ಅಳತೆಯೇ ನಿಮ್ಮ ಕಾಲಿನ ನಿಜವಾದ ಉದ್ದ. ಸೀಟಿನ ಮೇಲೆ ಕುಳಿತಾಗ ಕಾಲು ಅಗಲವಾಗುವುದರಿಂದ ಅದರಲ್ಲೂ ಒಂದಿಷ್ಟು ಕಳೆದುಹೋಗುತ್ತದೆ. ಶೂ ಹಾಕಿದರೆ ಒಂದಿಷ್ಟು ಮರಳಿ ಬರುತ್ತದೆ. ಅದಕ್ಕೇ ಗಾಡಿ ನೋಡಲು ಚಪ್ಪಲಿಯಲ್ಲಿ ಹೋಗಬಾರದು. ದಿನಾ ಓಡಿಸುವಾಗ ಯಾವ ಶೂ ಹಾಕುತ್ತೀರೋ ಅದನ್ನೇ ಹಾಕಿಕೊಂಡು ಹೋಗಬೇಕು.

ಇನ್ನು ಕಂಪನಿಯವರು ಅಚ್ಚು ಹಾಕಿಸುವ ಸೀಟಿನ ಎತ್ತರ. ಹೀರೊ ಸ್ಪ್ಲೆಂಡರ್ ಪ್ಲಸ್ಸಿನದು 785 ಮಿ.ಮೀ., ರಾಯಲ್ ಎನ್‌ಫೀಲ್ಡ್ ಹಂಟರ್ 350ಯದು 790. ಐದು ಮಿಲಿಮೀಟರು ಯಾವ ಲೆಕ್ಕಕ್ಕೂ ಇಲ್ಲ. ಕಾಗದ ನೋಡಿದವರಿಗೆ ಎರಡೂ ಒಂದೇ. ಆದರೆ ಸ್ಪ್ಲೆಂಡರ್ ತೂಗುವುದು 112 ಕೆಜಿ, ಹಂಟರ್ 181. ಹತ್ತಿರ ಹತ್ತಿರ 70 ಕೆಜಿ ಫರಕು, ಅಂದರೆ ದೊಡ್ಡ ಆಳೊಬ್ಬನ ತೂಕ. ಎಟುಕುವ ಕಾಲು ಎರಡರಲ್ಲೂ ಅದೇ, ಆ ಕಾಲು ತಡೆಯಬೇಕಾದ ಭಾರ ಬೇರೆ. ಸೀಟಿನ ಎತ್ತರದ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಜನ ತೂಕದ ಬಗ್ಗೆ ತುಟಿ ಬಿಚ್ಚುವುದಿಲ್ಲ. ಹೊಸಬರನ್ನು ಕೆಡವುವುದು ಹೆಚ್ಚಾಗಿ ತೂಕ. ಗಾಡಿ ನೆಟ್ಟಗೆ ನಿಂತಿರುವವರೆಗೆ ಅದರ ಭಾರ ತಿಳಿಯುವುದೇ ಇಲ್ಲ; ಒಂದು ಮಿತಿ ದಾಟಿ ವಾಲಿತೋ, ತುದಿಗಾಲಿನ ಮೇಲೆ ನಿಂತವರ ಕೈಯಲ್ಲಿ ಅದನ್ನು ತಡೆಯಲಾಗುವುದಿಲ್ಲ. ಆ ಭಾರ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆಯುವುದಕ್ಕೂ ತಲೆಯ ಮೇಲೆ ಹೊತ್ತು ನಡೆಯುವುದಕ್ಕೂ ಇರುವ ಅಂತರವೇ ಭಾರ ಕೆಳಗಿರುವ ಗಾಡಿಗೂ ಮೇಲಿರುವ ಗಾಡಿಗೂ ಇರುವುದು.

ಕಾಗದದ ಮೇಲಿನ ಎತ್ತರ ಮುಚ್ಚಿಡುವ ಸಂಗತಿ ಇನ್ನೂ ಎರಡಿವೆ. ಒಂದು, ಸೀಟಿನ ಅಗಲ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಸೀಟು ಕಿರಿದಾಗಿದ್ದರೆ ಕಾಲು ನೇರ ಕೆಳಗಿಳಿಯುತ್ತದೆ. ಅಗಲವಾಗಿದ್ದರೆ ತೊಡೆ ಹರಡಿಕೊಂಡು ಒಂದಂಗುಲ, ಒಂದೂವರೆ ಅಂಗುಲ ಅಲ್ಲೇ ಹೋಯಿತು. ಸ್ಕೂಟರಿನಲ್ಲೂ ಎಷ್ಟೋ ಜನಕ್ಕೆ ಕಾಲು ಪೂರ್ತಿ ಊರಲಾಗದಿರುವುದು ಇದಕ್ಕೇ. ಇನ್ನೊಂದು, ನಾವು ಕುಳಿತಾಗ ಶಾಕ್ ಅಬ್ಸಾರ್ಬರ್ ಕುಗ್ಗಿ ಗಾಡಿ ಎಷ್ಟು ಕೆಳಗಿಳಿಯುತ್ತದೆ ಎನ್ನುವುದು. ಮೆತ್ತಗಿನ ಶಾಕಿನ ಗಾಡಿ ನೋಡಲು ಎತ್ತರ, ಕುಳಿತರೆ ತಗ್ಗು. 50 ಕೆಜಿಯವರು ಕುಳಿತಾಗಲೂ 80 ಕೆಜಿಯವರು ಕುಳಿತಾಗಲೂ ಅದೇ ಗಾಡಿ ಒಂದೇ ಎತ್ತರದಲ್ಲಿರುವುದಿಲ್ಲ. ಹಿಂದಿನ ಶಾಕಿನ ಬಿಗಿಯನ್ನು ಒಂದೆರಡು ಹಲ್ಲು ಇಳಿಸಿ ಕೊಡಲು ಸರ್ವೀಸ್ ಹುಡುಗನಿಗೆ ಹೆಚ್ಚು ಹೊತ್ತೇನೂ ಬೇಡ. ಕೇಳಿದರೆ ಮಾಡಿಕೊಡುತ್ತಾರೆ. ಕೇಳಬೇಕೆಂದು ಗೊತ್ತಿರುವುದಿಲ್ಲ, ಅಷ್ಟೆ.

ಎರಡೂ ಪಾದ ಪೂರ್ತಿ ನೆಲ ಮುಟ್ಟಲೇಬೇಕು ಎನ್ನುವ ನಂಬಿಕೆಯೊಂದು ಎಲ್ಲ ಮನೆಗಳಲ್ಲೂ ಇದೆ. ಬೇಕಿಲ್ಲ. ಡಾನಿ ಪೆಡ್ರೋಸಾ ಎಂಬ ಸ್ಪೇನಿನ ರೇಸುಗಾರನ ಎತ್ತರ ಐದಡಿ ಮೂರಂಗುಲವನ್ನು ಮೀರದು. 2003ರಲ್ಲಿ 125 ಸಿಸಿ ವರ್ಗದಲ್ಲಿ, 2004 ಮತ್ತು 2005ರಲ್ಲಿ 250 ಸಿಸಿ ವರ್ಗದಲ್ಲಿ ವಿಶ್ವ ಚಾಂಪಿಯನ್ ಆದವನು. ಆಮೇಲೆ ಮೋಟೋಜಿಪಿಯಲ್ಲಿ 31 ರೇಸು ಗೆದ್ದ. ರೇಸಿನ ಗಾಡಿ ಸಿಗ್ನಲ್ಲಿನಲ್ಲಿ ನಿಲ್ಲುವುದಿಲ್ಲ ಎಂದು ನೀವು ಹೇಳಬಹುದು. ಅದು ಸರಿ, ನನ್ನ ಮಾತೂ ಅದೇ. ಓಡುವ ಗಾಡಿಗೆ ಕಾಲು ಬೇಡ. ಕಾಲು ಬೇಕಾಗುವುದು ನಿಲ್ಲುವಾಗ, ಹೊರಡುವಾಗ, ತಳ್ಳಿಕೊಂಡು ತಿರುಗಿಸುವಾಗ. ನಿಲ್ಲುವುದಕ್ಕೆ ಒಂದು ಕಾಲು ಸಾಕು, ಅದು ಎಡಗಾಲು. ಬಲಗಾಲು ಹಿಂದಿನ ಬ್ರೇಕಿನ ಮೇಲೆ ಇರಬೇಕು. ನಿಲ್ಲುವ ಹೊತ್ತಿಗೆ ಸೊಂಟವನ್ನು ಸೀಟಿನ ಎಡತುದಿಗೆ ಸ್ವಲ್ಪ ಜಾರಿಸಿದರೆ ತುದಿಗಾಲು ಊರುವವರ ಪಾದ ಪೂರ್ತಿ ಊರುತ್ತದೆ. ಸೀಟು ಸೊಂಟದ ಮಟ್ಟಕ್ಕೆ ಬರುವ ರ್‍ಯಾಲಿ ಗಾಡಿಗಳ ಮೇಲಿನವರು ಮಾಡುವುದೂ ಇದನ್ನೇ.

ನಮ್ಮ ರಸ್ತೆಗಳ ಒಂದು ಗುಣವನ್ನು ಇಲ್ಲಿ ಹೇಳಬೇಕು. ನೀರು ಹರಿದುಹೋಗಲೆಂದು ರಸ್ತೆಯ ನಡು ಎತ್ತರ, ಅಂಚು ತಗ್ಗು. ನಾವು ಓಡಿಸುವುದು ಎಡಕ್ಕೆ. ಹೀಗಾಗಿ ರಸ್ತೆಯ ಅಂಚಿನಲ್ಲಿ ನಿಲ್ಲಿಸಿದರೆ ಎಡಗಾಲಿಗೆ ನೆಲ ಇನ್ನಷ್ಟು ದೂರವಾಗುತ್ತದೆ. ಷೋರೂಮಿನ ಟೈಲ್ಸಿನ ಮೇಲೆ ಆರಾಮಾಗಿ ಎಟುಕಿದ ಕಾಲು ಮಡಿಕೇರಿಯ ಬಜಾರಿನ ಇಳಿಜಾರಿನಲ್ಲಿ ಗಾಳಿಯಲ್ಲೇ ಉಳಿದುಬಿಡಬಹುದು. ಅದಕ್ಕೇ ಗಿಡ್ಡಗಿರುವವರು ನಿಲ್ಲುವ ಮೊದಲು ನೆಲ ನೋಡುವುದನ್ನು ಕಲಿಯಬೇಕು: ಎಡಕ್ಕೆ ದಿಣ್ಣೆ ಎಲ್ಲಿದೆ, ಜಲ್ಲಿ ಎಲ್ಲಿದೆ, ಎಣ್ಣೆ ಎಲ್ಲಿ ಚೆಲ್ಲಿದೆ. ಎತ್ತರದವರಿಗೆ ಇದು ತೋಚುವುದೇ ಇಲ್ಲ. ನಮಗೆ ಕೆಲವೇ ವಾರಗಳಲ್ಲಿ ಕಣ್ಣಿಗೆ ರೂಢಿಯಾಗುತ್ತದೆ, ಅದರಿಂದ ನಮ್ಮ ಓಡಿಸುವಿಕೆಯೂ ಹೆಚ್ಚು ಎಚ್ಚರದ್ದಾಗುತ್ತದೆ.

ಹಿಂದಿನ ಕಾಲದವರ ಪಾಡು ಇದಕ್ಕಿಂತ ಕಷ್ಟದ್ದು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರವರೆಗೆ ನಡೆಯಿತು. ಅಲ್ಲಿಂದ ಬಂದ ಜಾವಾ, ಯೆಜ್ಡಿಗಳಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಎಡಗಾಲಲ್ಲಿ ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ತಿರುಗಿಸಿಕೊಂಡು ಗೇರು ಹಾಕಬೇಕು. ಹಳೆಯ ಬುಲೆಟ್ಟಿನ ಕಿಕ್ಕರಂತೂ ಗಿಡ್ಡ, ಹಗುರ ಮೈಯವರ ಪರೀಕ್ಷೆಯೇ ಆಗಿತ್ತು. 1985ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ 100ನ್ನು ಜನ ಅಷ್ಟು ಹಚ್ಚಿಕೊಂಡದ್ದಕ್ಕೆ ಅದರ ಎಳೆತ, ಸದ್ದು ಮಾತ್ರ ಕಾರಣವಲ್ಲವೆಂದು ನನ್ನ ನಂಬಿಕೆ. ತೂಕ ಸುಮಾರು ನೂರು ಕೆಜಿ, ಕಿಕ್ಕರ್ ಹಗುರ. ಸಣ್ಣ ಮೈಯ ಹುಡುಗರಿಗೂ ಅದು ಮಾತು ಕೇಳುತ್ತಿತ್ತು. ಈಗ ಹೆಚ್ಚುಕಡಿಮೆ ಎಲ್ಲದರಲ್ಲೂ ಸೆಲ್ಫ್ ಸ್ಟಾರ್ಟ್ ಇದೆ. ಗಿಡ್ಡಗಿರುವವರಿಗೆ ಬೈಕಿನ ಬಾಗಿಲು ತೆರೆದದ್ದು ಆ ಒಂದು ಗುಂಡಿ.

ಅಣ್ಣನ ಮಗಳ ಕಣ್ಣು ತಗ್ಗು ಸೀಟಿನ ಕ್ರೂಸರ್‌ಗಳ ಮೇಲಿತ್ತು. ಸಹಜವೇ. ಬಜಾಜ್ ಅವೆಂಜರಿನ ಸೀಟು 737 ಮಿ.ಮೀ., ರಾಯಲ್ ಎನ್‌ಫೀಲ್ಡ್ ಮೀಟಿಯರಿನದು 765. ಕುಳಿತರೆ ಎರಡೂ ಪಾದ ನೆಲಕ್ಕೆ. ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ಇವು ಒಳ್ಳೆಯ ಗಾಡಿಗಳೆಂದೇ ಹೇಳುತ್ತೇನೆ. ಆದರೆ ಫುಟ್‌ರೆಸ್ಟ್ ಮುಂದಿರುವುದರಿಂದ ಕೆಸರಿನಲ್ಲಿ ಎದ್ದು ನಿಂತು ಓಡಿಸಲಾಗದು. ಗಾಡಿ ಉದ್ದ, ತಿರುವಿಗೆ ಜಾಗ ಬೇಕು. ಚಿಕ್ಕ ಕೈಯವರು ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಆಚೆಯ ಹಿಡಿ ಕೈತಪ್ಪುತ್ತದೆ. ನಮ್ಮ ಊರುಗಳ ಹಂಪು ಹೊಟ್ಟೆಗೆ ಉಜ್ಜುವ ಭಯ. ಮೀಟಿಯರ್ 191 ಕೆಜಿ. ತೋಟದ ಇಳಿಜಾರಿನಲ್ಲಿ ಅದನ್ನು ಒಬ್ಬಳೇ ಹಿಂದಕ್ಕೆ ತಳ್ಳುವುದನ್ನು ಯೋಚಿಸು ಎಂದೆ. ಅವಳು ಯೋಚಿಸಿದಳು. ಸಂದಣಿ ಇಲ್ಲದ ಹೊತ್ತು ನೋಡಿ ಸ್ಪ್ಲೆಂಡರಿನ ಷೋರೂಮಿಗೆ ಹೋದೆವು. ಓಡಿಸುವುದಕ್ಕೂ ಮೊದಲು ಅವಳಿಂದ ಗಾಡಿಯನ್ನು ಅಂಗಳದಲ್ಲಿ ತಳ್ಳಿಸಿದೆ, ಡಬಲ್ ಸ್ಟ್ಯಾಂಡ್ ಹಾಕಿಸಿ ತೆಗೆಸಿದೆ, ರ್‍ಯಾಂಪಿನ ಮೇಲೆ ಅರ್ಧ ದಾರಿಯಲ್ಲಿ ನಿಲ್ಲಿಸಿ ಹೊರಡಿಸಿದೆ, ನಾನೇ ಹಿಂದೆ ಕುಳಿತು ಮತ್ತೊಮ್ಮೆ ಹಾಗೆಯೇ ಮಾಡಿಸಿದೆ. ಸ್ಪ್ಲೆಂಡರ್ ಇವೆಲ್ಲವನ್ನೂ ದಾಟಿತು. ಅದನ್ನೇ ಕೊಂಡಳು. ಅಣ್ಣನಿಗೆ ಸ್ವಲ್ಪ ನಿರಾಸೆಯಾಯಿತು. ಮಗಳು ಮಳೆಗಾಲದಲ್ಲೂ ತಪ್ಪದೆ ಕೆಲಸಕ್ಕೆ ಹೋಗಿಬರುವುದನ್ನು ನೋಡಿ ಈಗ ಸುಮ್ಮನಿದ್ದಾನೆ.

ಮನಸ್ಸು ಎತ್ತರದ ಗಾಡಿಯ ಮೇಲೇ ನೆಟ್ಟಿರುವವರಿಗೂ ದಾರಿಯಿದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ಯ ಸೀಟನ್ನು 825 ಮಿ.ಮೀ.ಗೂ 845ಕ್ಕೂ ಕೂರಿಸಬಹುದು. ಅದಕ್ಕಿಂತ ತಗ್ಗಿನ ಸೀಟನ್ನು ಕಂಪನಿಯೇ ಬೇರೆಯಾಗಿ ಮಾರುತ್ತದೆ. ಬೇರೆ ಗಾಡಿಯಾದರೆ ಕುಷನ್ ಅಂಗಡಿಯಲ್ಲಿ ಸೀಟಿನ ಫೋಮ್ ಕೊಯ್ಯಿಸಬಹುದು. ಮುಂಭಾಗದ ಎರಡು ಅಂಚುಗಳನ್ನು ಕೊಯ್ದು ಕಿರಿದು ಮಾಡಿಸಿ, ಮೇಲಿನ ದಪ್ಪವನ್ನು ಆದಷ್ಟು ಉಳಿಸಿಕೊಳ್ಳಿ. ಇಲ್ಲವಾದರೆ ದೂರದ ದಾರಿಯಲ್ಲಿ ಸೊಂಟ ಹಿಡಿಯುತ್ತದೆ. ಹಿಂದಿನ ಶಾಕಿನ ಲಿಂಕ್ ಬದಲಾಯಿಸಿ ಇಡೀ ಗಾಡಿಯನ್ನೇ ಇಳಿಸುವ ಕೆಲಸವನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಹಿಂದೆ ಇಳಿಸಿದರೆ ಮುಂದೆಯೂ ಅದಕ್ಕೆ ತಕ್ಕಂತೆ ಇಳಿಸಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಗಾಡಿಯ ನಡತೆ ಕೆಡುತ್ತದೆ. ಸೈಡ್ ಸ್ಟ್ಯಾಂಡ್ ಉದ್ದವಾಗಿ ಉಳಿದು ಗಾಡಿ ಆಚೆ ಕಡೆಗೆ ಉರುಳುತ್ತದೆ. ಹಂಪಿಗೆ ತಳ ಬಡಿಯುವುದಂತೂ ಇದ್ದೇ ಇದೆ.

ಹೊಸಬರಿಗೆ ಇನ್ನೊಂದು ಮಾತು. ಕ್ಲಚ್ ಹಿಡಿದು ನೋಡಿ. ಬೆರಳು ಚಿಕ್ಕದಾಗಿದ್ದು ಲಿವರ್ ದೂರವಿದ್ದರೆ ಸಿಟಿಯ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆಗೆ ಕೈ ಸೋಲುತ್ತದೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕಾಗದಂತೆ ತಡೆಯುವ ಏರ್ಪಾಡು) ಕಡ್ಡಾಯ. ಹಳೆಯ ಗಾಡಿ ಕೊಳ್ಳುವವರು ಅದು ಇದೆಯೇ ಎಂದು ಕೇಳಿ. ಎಲ್‌ಎಲ್‌ಆರ್ ಸಿಕ್ಕಿದ ಮೇಲಿನ ದಿನಗಳಲ್ಲಿ ಬರೀ ಪರೀಕ್ಷೆಯ ‘ಎಂಟು’ ಹೊಡೆಯುವುದನ್ನು ಕಲಿತರೆ ಸಾಲದು, ನಿಧಾನಕ್ಕೆ ನಿಲ್ಲಿಸುವುದನ್ನು ಕಲಿಯಿರಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ನಿಂತಲ್ಲೇ ವಾಲಿ ಬೀಳುತ್ತದೆ, ಕಾಲು ಗಿಡ್ಡಗಿದ್ದವರಿಗೆ ಅದನ್ನು ಉಳಿಸಿಕೊಳ್ಳಲಾಗುವುದಿಲ್ಲ. ನಿಧಾನದಲ್ಲಿ ಹಿಂದಿನ ಬ್ರೇಕೇ ಗತಿ. ಬಿದ್ದರೂ ಗಾಬರಿ ಬೇಡ: ಮೊದಲು ಎಂಜಿನ್ ಆಫ್ ಮಾಡಿ, ಗೇರು ಹಾಕಿಟ್ಟು, ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಬಿಚ್ಚಿಟ್ಟು, ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್ ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ತೊಡೆಯ ಬಲದಿಂದ ಹಿಂದಕ್ಕೆ ಹೆಜ್ಜೆ ಇಡುತ್ತ ಎಬ್ಬಿಸಿ. ಸೊಂಟ ಬಗ್ಗಿಸಿ ಎತ್ತಲು ಹೋಗಬೇಡಿ. ಈ ವಿದ್ಯೆಯನ್ನು ನಿಮ್ಮದೇ ಗಾಡಿಯ ಮೇಲೆ, ಹುಲ್ಲಿನ ಬಯಲಿನಲ್ಲಿ, ಯಾರನ್ನಾದರೂ ಜೊತೆಗಿಟ್ಟುಕೊಂಡು ಒಮ್ಮೆ ಮಾಡಿ ನೋಡಿದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಷೋರೂಮಿನವರಲ್ಲಿ ನನ್ನದೊಂದು ಬೇಡಿಕೆ: ಗಿಡ್ಡಗಿರುವವರು ಬಂದರೆ ಸ್ಕೂಟರ್ ತೋರಿಸುವ ಮೊದಲು ಅವರ ದಾರಿ ಯಾವುದೆಂದು ಕೇಳಿ, ಬೈಕನ್ನು ಅಂಗಳಕ್ಕೆ ಇಳಿಸಿ, ಅರ್ಧ ಗಂಟೆ ಬಿಟ್ಟುಕೊಡಿ. ಕೊಳ್ಳುವವರಲ್ಲೂ ಒಂದು: ಆ ಅರ್ಧ ಗಂಟೆ ಕೊಡದ ಅಂಗಡಿಯಲ್ಲಿ ಮುಂಗಡ ಕಟ್ಟಬೇಡಿ. ಮುಂದಿನ ಅಂಗಡಿಗೆ ಹೋಗಿ.