ಸೋಂಪುರದ ದಾರಿಯೂ ವಿದ್ಯುತ್ ಕಾರೂ

ಸೋಂಪುರ ಹೋಬಳಿಯಲ್ಲಿ ‘ಹೈಬ್ರಿಡ್’ ಎಂಬ ಮಾತು ಕಾರಿಗಿಂತ ಬಹಳ ಮೊದಲೇ ರಾಗಿಗೆ ಸಂದುಹೋಗಿದೆ. ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ವಿಜ್ಞಾನಿಗಳು ನಮ್ಮ ನಾಡಿನ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಹೊರತಂದ ಕಾಲದಿಂದ ಬಯಲುಸೀಮೆಯ ರೈತನಿಗೆ ಆ ಪದ ಹೊಸದಲ್ಲ. ಆದುದರಿಂದಲೇ, ನಾನು ಕೆಲಸ ಮಾಡುವ ಕಾರ್ಖಾನೆಯ ಗೇಟಿನೆದುರಿನ ಟೀ ಅಂಗಡಿಯಲ್ಲಿ ಒಂದು ದಿನ ಹೈಬ್ರಿಡ್ ಕಾರಿನ ಮಾತು ಬಂದಾಗ, ಪಕ್ಕದಲ್ಲಿ ಕುಳಿತಿದ್ದ ಯಜಮಾನರೊಬ್ಬರು ಲೋಟವನ್ನು ಕೆಳಗಿಟ್ಟು, “ಹೈಬ್ರಿಡ್ ಅಂದರೆ ಇಳುವರಿ ಜಾಸ್ತಿ, ರುಚಿ ಕಮ್ಮಿ. ಕಾರಿಂದೂ ಹಂಗೇನಾ ಸ್ವಾಮಿ?” ಎಂದು ಕೇಳಿದರು.

ಆ ಪ್ರಶ್ನೆಗೆ ಮೋಟಾರು ಕಂಪನಿಗಳ ಬಣ್ಣದ ಪುಸ್ತಕಗಳಲ್ಲಿ ಉತ್ತರವಿಲ್ಲ. ಆದರೆ ಆ ದಿನಗಳಲ್ಲಿ ನನಗೆ ಅದರ ಉತ್ತರ ಬಹಳ ಬೇಕಾಗಿತ್ತು. ನಮ್ಮ ಮನೆಯ ಹಳೆಯ ಪೆಟ್ರೋಲ್ ಕಾರಿಗೆ ಹದಿಮೂರು ವರ್ಷ ತುಂಬಿತ್ತು. ನಾನು ರಾಜಾಜಿನಗರದಿಂದ ಸೋಂಪುರದ ಕೈಗಾರಿಕಾ ಪ್ರದೇಶಕ್ಕೆ ದಿನವೂ ಹೋಗಿಬರುವವನು. ಎರಡೂ ಕಡೆ ಸೇರಿದರೆ ನೂರು ಕಿಲೋಮೀಟರಿಗೆ ಸ್ವಲ್ಪ ಕಡಮೆ. ನನ್ನಾಕೆಯ ತವರು ಪುತ್ತೂರು. ಅದು ಶಿರಾಡಿ ಘಾಟಿಯನ್ನಿಳಿದು ಮುನ್ನೂರು ಕಿಲೋಮೀಟರಿಗೂ ಮೇಲೆ. ಅಲ್ಲಿ ಅಡಕೆ ತೋಟದ ನಡುವಿನ ಮನೆಯಲ್ಲಿ ನನ್ನ ಮಾವನವರು ಒಬ್ಬರೇ ಇದ್ದಾರೆ. ವಯಸ್ಸು ಎಂಬತ್ತೊಂದು, ಎರಡು ವರ್ಷಗಳ ಹಿಂದೆ ಹೃದಯದ ತೊಂದರೆಯಾಗಿ ಆಸ್ಪತ್ರೆಯಲ್ಲಿದ್ದು ಬಂದವರು. ಬೆಂಗಳೂರಿಗೆ ಬನ್ನಿರೆಂದರೆ, ತೋಟಕ್ಕೆ ನೀರು ಬಿಡುವವರು ಯಾರು ಎನ್ನುತ್ತಾರೆ.

ನಾನು ವೃತ್ತಿಯಿಂದ ಲೆಕ್ಕಪತ್ರದವನು. ಒಂದು ಭಾನುವಾರ ಕಾಗದ ಹಿಡಿದು ಕುಳಿತೆ. ತಿಂಗಳಿಗೆ ಸುಮಾರು 2,200 ಕಿಲೋಮೀಟರ್ ಓಡಾಟ. ಲೀಟರಿಗೆ ಹದಿನೈದರಂತೆ ಓಡುವ ಪೆಟ್ರೋಲ್ ಕಾರಿಗೆ 147 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ದಾಟಿದ ಮೇಲೆ ಅದು ಹದಿನೈದು ಸಾವಿರದ ಮಾತು. ಹೈಬ್ರಿಡ್ ಕಾರು ಲೀಟರಿಗೆ ಇಪ್ಪತ್ತೆರಡು ಕೊಟ್ಟರೆ ಹತ್ತು ಸಾವಿರ ಚಿಲ್ಲರೆ. ವಿದ್ಯುತ್ ಕಾರು ಒಂದು ಯೂನಿಟ್ಟಿಗೆ ಏಳು ಕಿಲೋಮೀಟರ್ ಓಡಿದರೆ 315 ಯೂನಿಟ್ಟು. ಮನೆಯ ವಿದ್ಯುತ್ತಿನ ದರ ಯೂನಿಟ್ಟಿಗೆ ಆರು ರೂಪಾಯಿಯೆಂದಿಟ್ಟುಕೊಂಡರೂ ಎರಡು ಸಾವಿರದೊಳಗೆ ಮುಗಿಯುತ್ತದೆ. ಅಂಕಿಗಳನ್ನು ಮೂರು ಸಲ ಕೂಡಿ ನೋಡಿದೆ. ಹೈಬ್ರಿಡ್ಡಿಗೂ ವಿದ್ಯುತ್ತಿಗೂ ತಿಂಗಳಿಗೆ ಎಂಟು ಸಾವಿರ ರೂಪಾಯಿಗಳ ಅಂತರ. ಕಾರ್ಖಾನೆಯಲ್ಲಿ ಇಂತಹ ಅಂತರ ಕಂಡುಬಂದರೆ ನಾವು ಯಂತ್ರವನ್ನೇ ಬದಲಾಯಿಸುತ್ತೇವೆ.

ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿಗೆ 200 ಯೂನಿಟ್ಟಿನ ಮೇಲ್ಮಿತಿಯಿಟ್ಟು, ಅದನ್ನು ದಾಟಿದವರು ಪೂರ್ತಿ ಬಿಲ್ಲು ಕಟ್ಟಬೇಕೆಂದು ನಿಯಮ ಮಾಡಿದರು. ಕಾರಿನ 315 ಯೂನಿಟ್ಟು ಮನೆಯ ಮೀಟರಿಗೇ ಸೇರಿದರೆ ಆ ಸವಲತ್ತಿಗೆ ಎಳ್ಳುನೀರು ಬಿಡಬೇಕಾದೀತು. ವಾಹನಗಳ ಚಾರ್ಜಿಗೆ ಪ್ರತ್ಯೇಕ ದರವರ್ಗವಿದೆ, ಪ್ರತ್ಯೇಕ ಮೀಟರನ್ನೂ ಪಡೆಯಬಹುದು. ಅಂಗಡಿಯಲ್ಲಿ ಕಾರು ಮಾರುವ ಹುಡುಗರು ಇದನ್ನು ತಾವಾಗಿ ಹೇಳುವುದಿಲ್ಲ.

ನನ್ನ ಕಾಗದವನ್ನು ನನ್ನಾಕೆ ಸಾವಧಾನವಾಗಿ ಓದಿದಳು. ಓದಿ, ಕನ್ನಡಕ ತೆಗೆದು, “ಎಲ್ಲ ಸರಿ ರೀ. ರಾತ್ರಿ ಹನ್ನೆರಡಕ್ಕೆ ಪುತ್ತೂರಿನಿಂದ ಫೋನು ಬಂದರೆ ಈ ಗಾಡಿ ಹೊರಡುತ್ತದೆಯೇ? ಅದನ್ನು ಬರೆದೇ ಇಲ್ಲವಲ್ಲ” ಎಂದಳು.

ವಿದ್ಯುತ್ ಕಾರು ಬೆಂಗಳೂರಿಗೆ ಹೊಸ ಅತಿಥಿಯೇನಲ್ಲ. 2001ರಲ್ಲಿಯೇ ಚೇತನ್ ಮೈನಿಯವರ ರೇವಾ ನಮ್ಮ ಬೀದಿಗಳಿಗಿಳಿದಿತ್ತು. ಎರಡು ಬಾಗಿಲಿನ ಆ ಪುಟ್ಟ ಗಾಡಿ ಸದ್ದಿಲ್ಲದೆ ಪಕ್ಕಕ್ಕೆ ಬಂದು ನಿಂತರೆ ಆಟೋದವರು ಬಗ್ಗಿ ನೋಡುತ್ತಿದ್ದರು. ಲಂಡನ್ನಿನಲ್ಲಿ ಅದನ್ನೇ ಜೀ-ವಿಜ್ ಎಂಬ ಹೆಸರಿನಿಂದ ಮಾರಿದರು. 2010ರಲ್ಲಿ ಮಹೀಂದ್ರದವರು ಆ ಕಂಪನಿಯ ಬಹುಪಾಲನ್ನು ಕೊಂಡರು. ರೇವಾದ ಹೊಟ್ಟೆಯಲ್ಲಿದ್ದುದು ಸೀಸ ಮತ್ತು ಆಮ್ಲದ ಬ್ಯಾಟರಿ. ಒಂದು ಸಲ ತುಂಬಿದರೆ ಹೆಚ್ಚೆಂದರೆ ಎಂಬತ್ತು ಕಿಲೋಮೀಟರ್. ಅಂದರೆ ರಾಜಾಜಿನಗರದಿಂದ ಸೋಂಪುರಕ್ಕೆ ಹೋಗಬಲ್ಲದು, ಬರಲಾರದು. ಜಯನಗರದಿಂದ ಬಸವನಗುಡಿಗೆ ಹೋಗಿಬರುವವರಿಗೆ ಅದು ಚೆನ್ನಾಗಿಯೇ ಇತ್ತು.

ಇನ್ನೂ ಹಿಂದಕ್ಕೆ ಹೋದರೆ, 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ದೀಪಗಳನ್ನು ಹೊತ್ತಿಸಿದ ಕಾಲಕ್ಕೆ ಅಮೆರಿಕದ ಪಟ್ಟಣಗಳಲ್ಲಿ ವಿದ್ಯುತ್ ಕಾರುಗಳು ನಿಜವಾಗಿಯೂ ಓಡಾಡುತ್ತಿದ್ದವು. ಪೆಟ್ರೋಲ್ ಗಾಡಿಯ ಮೂತಿಗೆ ಕಬ್ಬಿಣದ ಹಿಡಿ ಸಿಕ್ಕಿಸಿ ತಿರುಗಿಸುವ ಗೋಳು ಅವುಗಳಿಗಿರಲಿಲ್ಲ. 1912ರಲ್ಲಿ ಕ್ಯಾಡಿಲ್ಯಾಕ್ ಗಾಡಿಗೆ ಗುಂಡಿಯೊತ್ತಿದರೆ ಚಾಲೂ ಆಗುವ ವಿದ್ಯುತ್ ಸ್ಟಾರ್ಟರ್ ಬಂತು. ವಿದ್ಯುತ್ ಕಾರು ಮೂಲೆಗೆ ಸೇರಿತು. ಪೆಟ್ರೋಲನ್ನು ಗೆಲ್ಲಿಸಿದುದೂ ಒಂದು ವಿದ್ಯುತ್ ಮೋಟಾರೇ! ಲಿಥಿಯಂ ಬ್ಯಾಟರಿ ಬರುವವರೆಗೆ ಆ ಸೋಲು ಸೋಲಾಗಿಯೇ ಉಳಿಯಿತು. ಅದನ್ನು ರೂಪಿಸಿದ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂದುದನ್ನು ಓದುಗರು ಬಲ್ಲರು.

ಹೈಬ್ರಿಡ್ ಎಂಬುದು ಈ ಇಬ್ಬರನ್ನೂ ಒಂದೇ ಮನೆಯಲ್ಲಿ ಬಾಳಿಸುವ ಉಪಾಯ. 1997ರಲ್ಲಿ ಜಪಾನಿನ ಟೊಯೋಟ ಪ್ರಿಯಸ್ಸಿನಿಂದ ಇದು ಮನೆಮಾತಾಯಿತು. ನಮ್ಮ ಬಿಡದಿಯ ಕಾರ್ಖಾನೆಯಲ್ಲಿ 2013ರಲ್ಲಿ ಹೈಬ್ರಿಡ್ ಕ್ಯಾಮ್ರಿಯ ಜೋಡಣೆ ಆರಂಭವಾಯಿತು. 2022ರಲ್ಲಿ ಹೈರೈಡರ್ ಮತ್ತು ಇನ್ನೋವಾ ಹೈಕ್ರಾಸ್ ಬಂದವು. ನಿಧಾನಗತಿಯಲ್ಲಿ ವಿದ್ಯುತ್ ಮೋಟಾರು, ವೇಗಕ್ಕೆ ಎಂಜಿನ್ನು. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ. ಗೋಡೆಯ ಪ್ಲಗ್ಗಿನ ಹಂಗಿಲ್ಲ. ಆದರೆ ಅದರ ಬ್ಯಾಟರಿಯಲ್ಲಿ ಹಿಡಿಸುವುದು ಒಂದು ಯೂನಿಟ್ಟಿನ ಆಸುಪಾಸು ಮಾತ್ರ. ವಿದ್ಯುತ್ ಕಾರಿನಲ್ಲಿ ಮೂವತ್ತು, ನಲವತ್ತೈದು ಯೂನಿಟ್ಟು. ಹಾಗಾಗಿ ಹೈಬ್ರಿಡ್ಡಿನ ಶಕ್ತಿಯೆಲ್ಲ ಕಟ್ಟಕಡೆಗೆ ಪೆಟ್ರೋಲಿನಿಂದಲೇ ಬರಬೇಕು. ಟೀ ಅಂಗಡಿಯ ಯಜಮಾನರಿಗೆ ನಾನು ಇಷ್ಟನ್ನು ವಿವರಿಸಿದಾಗ ಅವರು, “ಹಂಗಾದರೆ ಅದು ಮನೆ ಅಳಿಯ ಅನ್ನಿ” ಎಂದರು.

ದಿನದ ಓಡಾಟದ ಮಟ್ಟಿಗೆ ಹೇಳುವುದಾದರೆ ನಮ್ಮ ತುಮಕೂರು ರಸ್ತೆ ಒಂದು ಒಳ್ಳೆಯ ಪರೀಕ್ಷಾಮಂದಿರ. ಗೊರಗುಂಟೆಪಾಳ್ಯದಿಂದ ಎಂಟನೆಯ ಮೈಲಿಯವರೆಗೆ ಗಾಡಿಗಳು ಇರುವೆಸಾಲಿನಂತೆ ತೆವಳುತ್ತವೆ. ಪೆಟ್ರೋಲ್ ಕಾರು ನಿಂತಲ್ಲಿಯೂ ಕುಡಿಯುತ್ತದೆ. ವಿದ್ಯುತ್ ಕಾರು ನಿಂತರೆ ತಂಪುಯಂತ್ರಕ್ಕೂ ದೀಪಕ್ಕೂ ಮಾತ್ರ ಖರ್ಚು. ನೆಲಮಂಗಲ ದಾಟಿ ದಾರಿ ತೆರೆದುಕೊಂಡ ಮೇಲೆ ಕಥೆ ತಿರುಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಪೆಟ್ರೋಲ್ ಕಾರು ಊರೊಳಗಿಗಿಂತ ಹೆದ್ದಾರಿಯಲ್ಲಿ ಮಿತವ್ಯಯಿ. ವಿದ್ಯುತ್ ಕಾರಿನ ಸ್ವಭಾವ ಅದಕ್ಕೆ ತದ್ವಿರುದ್ಧ. ಈ ಕಾರಣದಿಂದಲೇ ಕಂಪನಿಯವರು ಮುದ್ರಿಸುವ ದೂರದ ಅಂಕಿಯನ್ನು ಜಾತಕದ ಆಯುಷ್ಯದಂತೆ ಓದಿಕೊಳ್ಳಬೇಕು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿಗೆ 30.2 ಯೂನಿಟ್ಟಿನ ಬ್ಯಾಟರಿ, ಪ್ರಮಾಣಪತ್ರದಲ್ಲಿ 312 ಕಿಲೋಮೀಟರ್. ಹೆದ್ದಾರಿಯಲ್ಲಿ ಯೂನಿಟ್ಟಿಗೆ ಆರರಂತೆ ನೀವೇ ಗುಣಿಸಿ ನೋಡಿ.

(ಮಾದಾವರದವರೆಗೆ ಮೆಟ್ರೋ 2024ರ ನವೆಂಬರಿನಲ್ಲಿ ಬಂದಿದೆ. ನಿಜವಾದ ಮಿತವ್ಯಯಿ ಅಲ್ಲಿಯವರೆಗೆ ರೈಲಿನಲ್ಲಿ ಹೋಗಿ ಮುಂದಕ್ಕೆ ಬಸ್ಸು ಹಿಡಿಯುತ್ತಾನೆಂಬುದನ್ನು ನಾನು ಬಲ್ಲೆ. ನನ್ನಾಕೆಗೆ ಅದನ್ನು ಹೇಳಿಲ್ಲ.)

ಇನ್ನು ದೂರದ ದಾರಿ. ನನ್ನ ಸಹೋದ್ಯೋಗಿಯೊಬ್ಬರ ವಿದ್ಯುತ್ ಕಾರಿನಲ್ಲಿ ಹೋದ ವರ್ಷ ಸಕಲೇಶಪುರದವರೆಗೆ ಹೋಗಿಬಂದೆ, ಪರೀಕ್ಷೆಗೆಂದೇ ಹೋದುದು. ಹೋಗುವಾಗ ಯಾವ ತೊಂದರೆಯೂ ಆಗಲಿಲ್ಲ. ತಿರುಗಿ ಬರುವಾಗ ಒಂದು ಹೋಟೆಲಿನ ಅಂಗಳದಲ್ಲಿ ಎರಡು ಚಾರ್ಜಿಂಗ್ ಯಂತ್ರಗಳಿದ್ದವು. ಒಂದರ ಪರದೆ ಕತ್ತಲೆ. ಇನ್ನೊಂದಕ್ಕೆ ಬೇರೊಬ್ಬರ ಕಾರು ಕಟ್ಟಿಹಾಕಿತ್ತು. ಯಜಮಾನರು ಒಳಗೆ ಸಂಸಾರಸಮೇತ ಊಟಕ್ಕೆ ಕುಳಿತಿದ್ದರು. ಅವರು ಪಾಯಸದವರೆಗೂ ಬರುವುದನ್ನು ನಾವು ಕಿಟಕಿಯಿಂದ ನೋಡುತ್ತ ನಿಂತೆವು. ನಮ್ಮ ಸರದಿ ಬಂದಾಗ ಆ ಕಂಪನಿಯ ಆ್ಯಪ್ ಫೋನಿನಲ್ಲಿರಬೇಕೆಂದು ತಿಳಿಯಿತು. ಅದನ್ನು ಇಳಿಸಿಕೊಂಡು, ಹೆಸರು ನೋಂದಾಯಿಸಿ, ಮುಂಗಡ ಹಣ ತುಂಬಿ, ಯಂತ್ರ ಗುಂಯ್‌ಗುಟ್ಟುವ ಹೊತ್ತಿಗೆ ಐವತ್ತು ನಿಮಿಷ. ಚಾರ್ಜಿಗೆ ಇನ್ನೊಂದು ಗಂಟೆ. ದರವೂ ಮನೆಯ ದರದ ಮೂರು ಪಟ್ಟು. 2017ರಲ್ಲಿ ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯ ನಮ್ಮದು. ಯಂತ್ರಗಳು ಆ ಮೇಲೆ ಸಾಕಷ್ಟು ಬಂದಿವೆ. ಅವು ನಡೆಯುತ್ತಿವೆಯೇ ಎಂದು ನೋಡುವವರು ಅಷ್ಟು ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಘಾಟಿಯ ಲೆಕ್ಕ ಇದಕ್ಕಿಂತ ಸೊಗಸಾದುದು. ಸಕಲೇಶಪುರದಿಂದ ಉಪ್ಪಿನಂಗಡಿಗೆ ಇಳಿಯುವಾಗ ದಾರಿ ಎಂಟುನೂರು ಮೀಟರಿಗೂ ಹೆಚ್ಚು ತಗ್ಗುತ್ತದೆ. ಜನ ಕುಳಿತ ಕಾರಿನ ತೂಕ ಹದಿನೆಂಟು ಕ್ವಿಂಟಲ್ ಎಂದುಕೊಂಡರೆ, ಅದನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವುದು ಸುಮಾರು ನಾಲ್ಕು ಯೂನಿಟ್ಟು. ಹತ್ತುವಾಗ ಇಪ್ಪತ್ತೈದು ಕಿಲೋಮೀಟರಿನಷ್ಟು ಓಟ ಕಡಮೆಯಾದೀತು, ಅಷ್ಟೆ. ಇಳಿಯುವಾಗ ಅದರ ದೊಡ್ಡ ಪಾಲು ಬ್ಯಾಟರಿಗೆ ಮರಳುತ್ತದೆ. ಹೈಬ್ರಿಡ್ಡಿನ ಪುಟ್ಟ ಬ್ಯಾಟರಿ ಮೊದಲ ಕೆಲವು ತಿರುವುಗಳಲ್ಲೇ ತುಂಬಿ, ಉಳಿದ ಇಳಿಜಾರೆಲ್ಲ ಅದಕ್ಕೆ ದಂಡ. ಆದರೆ ಘಾಟಿಯ ನಿಜವಾದ ಭಯ ಏರಲ್ಲ, ಮಳೆ. 2024ರ ಜುಲೈಯಲ್ಲಿ ಗುಡ್ಡ ಕುಸಿದು ಶಿರಾಡಿಯ ದಾರಿ ಮುಚ್ಚಿದಾಗ ಜನ ಬೇರೆ ಘಾಟಿಗಳನ್ನು ಹುಡುಕಿಕೊಂಡು ಸುತ್ತಬೇಕಾಯಿತು. ಅಂತಹ ರಾತ್ರಿಯಲ್ಲಿ ಪೆಟ್ರೋಲ್ ಬಂಕು ಎಲ್ಲಿಯಾದರೂ ಸಿಕ್ಕೀತು.

ಹೀಗೆ ನನ್ನಾಕೆಯ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಇದು. ಸೋಂಪುರಕ್ಕೆ ಹೋಗಿಬಂದರೆ ಹದಿನಾಲ್ಕು ಯೂನಿಟ್ಟು ಖರ್ಚು. ಸಂಜೆ ಏಳಕ್ಕೆ ಮನೆಯ ಸಾಧಾರಣ ಹದಿನೈದು ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಿದರೆ, ಗಂಟೆಗೆ ಮೂರು ಯೂನಿಟ್ಟಿನಂತೆ, ಹನ್ನೆರಡರ ಹೊತ್ತಿಗೆ ಬ್ಯಾಟರಿ ತುಂಬಿರುತ್ತದೆ. ಕರೆಂಟು ಹೋಗದಿದ್ದರೆ. ತುಂಬಿದ ನಲವತ್ತೈದು ಯೂನಿಟ್ಟಿನಲ್ಲಿ ಕೊನೆಯದನ್ನು ಆಪತ್ತಿಗೆ ಉಳಿಸಿಕೊಂಡು 230 ಕಿಲೋಮೀಟರ್, ಸಕಲೇಶಪುರದ ಆಸುಪಾಸು. ಅಲ್ಲಿ ಅಥವಾ ಹಾಸನದಲ್ಲಿ ಅರ್ಧ ಗಂಟೆ ನಿಲ್ಲಬೇಕು. ಬೆಳಗಿನ ಜಾವ ನಾಲ್ಕು ಗಂಟೆಯಲ್ಲಿ ಆ ಯಂತ್ರ ನಡೆಯುತ್ತಿರಬೇಕು. ಹೈಬ್ರಿಡ್ಡಾದರೆ ಎಲ್ಲಿಯೂ ನಿಲ್ಲಬೇಕಾಗಿಲ್ಲ.

“ಹಾಗಾದರೆ ತಿಂಗಳಿಗೆ ಎಂಟು ಸಾವಿರ ಕೊಟ್ಟು ಆ ಅರ್ಧ ಗಂಟೆಯನ್ನು ಕೊಳ್ಳೋಣ” ಎಂದಳು ಆಕೆ. ಆ ಮಾತಿಗೆ ನನ್ನ ಕಾಗದದಲ್ಲಿ ಉತ್ತರವಿರಲಿಲ್ಲ. ತಂದೆಯ ವಿಷಯದಲ್ಲಿ ಅರ್ಧ ಗಂಟೆಗೆ ಇಂತಿಷ್ಟು ಬೆಲೆಯೆಂದು ಬರೆಯುವ ಲೆಕ್ಕಿಗ ನಾನಲ್ಲ.

ಹದಿನೈದು ದಿನ ಮಾತು ಅಲ್ಲಿಗೇ ನಿಂತಿತು. ಬ್ಯಾಟರಿಯ ಆಯುಷ್ಯದ ಪ್ರಶ್ನೆಯನ್ನೂ ಆ ನಡುವೆ ನೋಡಿದೆ. ಕಂಪನಿಗಳು ಸಾಮಾನ್ಯವಾಗಿ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದರವರೆಗೆ ಭರವಸೆ ಕೊಡುತ್ತವೆ. ನನ್ನ ಓಡಾಟಕ್ಕೆ ಆ ಭರವಸೆ ಆರೇ ವರ್ಷದಲ್ಲಿ ತೀರುತ್ತದೆ. ಕಡಮೆ ಓಡುವವರಿಗೆ ಉಳಿತಾಯ ಕಡಮೆ, ಹೆಚ್ಚು ಓಡುವವರಿಗೆ ಭರವಸೆ ಕಡಮೆ! ಅಷ್ಟರೊಳಗೆ ಉಳಿಯುವ ಹಣವನ್ನು ನೋಡಿದರೆ ಇದು ನನ್ನನ್ನು ಹೆದರಿಸಲಿಲ್ಲ. ಈ ವಿದ್ಯುತ್ತಾದರೂ ಎಲ್ಲಿಂದ ಬರುತ್ತದೆಂದು ಕೇಳುವ ಮಿತ್ರರಿಗೆ, ದಾಬಸ್‌ಪೇಟೆಯಿಂದ ಮುಂದಕ್ಕೆ ಆರಂಭವಾಗುವ ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೌರಸ್ಥಾವರವಿದೆಯೆಂದು ಹೇಳುತ್ತೇನೆ. ರಾತ್ರಿ ಚಾರ್ಜು ಮಾಡಿದರೆ ಅದು ಸೂರ್ಯನದಲ್ಲ, ಬಹುಪಾಲು ಕಲ್ಲಿದ್ದಲಿನದೂ ನೀರಿನದೂ ಎಂಬುದು ಅವರು ಹೇಳಬೇಕಾದ ಮಾತು.

ಕೊನೆಗೆ ತೀರ್ಮಾನ ಮಾಡಿದವರು ಮಾವನವರೇ. ಫೋನಿನಲ್ಲಿ ಮಗಳಿಂದ ಎಲ್ಲವನ್ನೂ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಫೋನು ಬಂದ ಮೇಲೆ ಹೊರಡುವುದಾದರೆ ಯಾವ ಕಾರಾದರೂ ತಡವೇ ಮಗಳೇ. ಇಲ್ಲಿ ಪಕ್ಕದ ಮನೆಯವರಿದ್ದಾರೆ, ಜೀಪಿದೆ, ಆಸ್ಪತ್ರೆ ಹತ್ತಿರ ಇದೆ. ಉಳಿಯುವ ದುಡ್ಡಿನಲ್ಲಿ ತಿಂಗಳಿಗೊಮ್ಮೆ ಬಂದು ಹೋಗಿ. ನಾನು ಮಾತಾಡುವಾಗಲೇ ಬನ್ನಿ” ಎಂದರು. ನನ್ನಾಕೆ ಫೋನನ್ನು ಇಟ್ಟು ಒಳಗೆ ಹೋದಳು. ರಾತ್ರಿಯ ಊಟಕ್ಕೆ ಎಲೆ ಹಾಕುವಾಗ, “ಯಾವ ಬಣ್ಣ ನೋಡಿದ್ದೀರಿ?” ಎಂದು ಕೇಳಿದಳು.

ಈಗ ಉಳಿದಿರುವುದು ನಮ್ಮ ವಸತಿ ಸಮುಚ್ಚಯದ ಸಂಘ. ಕಾರು ನಿಲ್ಲಿಸುವ ಜಾಗದಲ್ಲಿ ಸಾಕೆಟ್ಟು ಹಾಕಿಸಿಕೊಳ್ಳಲು ಅರ್ಜಿ ಕೊಟ್ಟಿದ್ದೇನೆ. ಬೆಂಕಿ ಹತ್ತಿದರೆ ಯಾರು ಹೊಣೆ ಎಂದು ಒಬ್ಬರು, ಲಿಫ್ಟು ನಿಂತುಹೋದರೆ ಏನು ಗತಿ ಎಂದು ಇನ್ನೊಬ್ಬರು. ಮೂರನೆಯವರು ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ನನ್ನನ್ನು ತಡೆದು, ಯೂನಿಟ್ಟಿಗೆ ಎಷ್ಟು ಓಡುತ್ತದೆ ಎಂದು ಮೆಲ್ಲಗೆ ವಿಚಾರಿಸಿದರು. ವಿದ್ಯುತ್ ಕೆಲಸದವನು ಬಂದು ಮೀಟರಿನ ಹಲಗೆಯಿಂದ ಕಂಬದವರೆಗೆ ಟೇಪು ಹಿಡಿದು ನೋಡಿದ್ದಾನೆ. ತಂತಿ ನಲವತ್ತೆರಡು ಮೀಟರು ಬೇಕಂತೆ, ದಪ್ಪನೆಯದು.