ಹೊಳೆ ದಂಡೆಯ ಐವತ್ತು ಸಾವಿರ ಮಂದಿ

ನಮ್ಮ ಪ್ರಾಜೆಕ್ಟಿನಲ್ಲಿರುವ ಅಮೆರಿಕದ ಸಹೋದ್ಯೋಗಿಯೊಬ್ಬರ ಊರು ಅಯೋವಾ ರಾಜ್ಯದ ಡುಬ್ಯೂಕ್. ಮಿಸಿಸಿಪ್ಪಿ ದಂಡೆಯ ಊರು. ಒಮ್ಮೆ ಮೀಟಿಂಗ್ ಶುರುವಾಗೋ ಮುಂಚೆ "ನಮ್ಮದು ಸಣ್ಣ ಊರು, 60 ಸಾವಿರದ ಹತ್ತಿರ ಜನ" ಅಂದರು. ಹುಡುಕಿ ನೋಡಿದೆ. 1960ರಲ್ಲೂ ಅಲ್ಲಿ 56 ಸಾವಿರ ಜನ ಇದ್ದರು. ಅರವತ್ತು ವರ್ಷದಲ್ಲಿ ಊರು ಹೆಚ್ಚೇನೂ ಬೆಳೆದಿಲ್ಲ. ನನಗೆ ತಕ್ಷಣ ಸಿರುಗುಪ್ಪ ನೆನಪಾಯಿತು. 2011ರ ಜನಗಣತಿಯಲ್ಲಿ ನಮ್ಮೂರು 50 ಸಾವಿರ ದಾಟಿತ್ತು. ಆ ಲೆಕ್ಕದಲ್ಲಿ ನಾನೂ ಒಬ್ಬ. ಆಗ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗ್ತಿದ್ದೆ. ಮನೆಯಲ್ಲಿ ಏಳು ಮಂದಿ. ಈಗ ಮಾವ, ಅತ್ತೆ ಇಬ್ಬರೇ.

ನಾನೀಗ ಇರೋದು ಬಳ್ಳಾರಿಯ ಪಾರ್ವತಿನಗರದಲ್ಲಿ. ಸಿರುಗುಪ್ಪಕ್ಕೆ ರೈಲಿಲ್ಲ, ಬಸ್ಸೇ ಗತಿ. ಕುರುಗೋಡಿನ ಗುಡ್ಡಗಳು ಎಡಕ್ಕೆ ಉಳಿದು, ತೆಕ್ಕಲಕೋಟೆ ದಾಟಿದ ಮೇಲೆ ಎತ್ತ ನೋಡಿದರೂ ಭತ್ತದ ಗದ್ದೆ, ನಡುನಡುವೆ ರೈಸ್ ಮಿಲ್ಲಿನ ಚಿಮಣಿ. ಹೊಸಬರಿಗೆ ಇದು ಬಿಸಿಲ ಸೀಮೆ ಅಂತ ನಂಬೋದೇ ಕಷ್ಟ. ಇದೆಲ್ಲ 1953ರಲ್ಲಿ ಹೊಸಪೇಟೆಯ ಅಣೆಕಟ್ಟಿನಿಂದಲೇ ಶುರುವಾಯಿತು ಅಂತ ನಾನೂ ತಿಳಿದಿದ್ದೆ. ಆದರೆ ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. ಡ್ಯಾಮಿಗಿಂತ ನೂರಾರು ವರ್ಷ ಮೊದಲೇ ಇಲ್ಲಿ ನೀರಿನ ಬೇಸಾಯವಿತ್ತು.

ಊರಿನ ಪಕ್ಕ ಹರಿಯೋದು ತುಂಗಭದ್ರೆಯ ಒಂದು ಕವಲು, ದೇಶನೂರನ್ನು ಬಳಸಿಕೊಂಡು ಹೋಗುತ್ತದೆ. ದಢೇಸೂಗೂರು ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. ಸ್ವಾತಂತ್ರ್ಯ ಬರುವ ಹೊತ್ತಿಗೆ ಆ ದಂಡೆ ನಿಜಾಮರದ್ದು, ಈ ದಂಡೆ ಮದ್ರಾಸಿನದು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಬಂತು, ಆದೋನಿ ಆಂಧ್ರಕ್ಕೆ ಹೋಯಿತು. ಎರಡೂ ದಂಡೆ ಒಂದೇ ರಾಜ್ಯವಾದದ್ದು 1956ರಲ್ಲಿ. ಸಂತೆಯಲ್ಲಿ ಈಗಲೂ ಒಂದೇ ವಾಕ್ಯದಲ್ಲಿ ಕನ್ನಡ, ತೆಲುಗು ಎರಡೂ ಬರುತ್ತವೆ. ನಮ್ಮತ್ತೆ ಬೈಯೋದು ಮಾತ್ರ ತೆಲುಗಿನಲ್ಲಿ.

ಈ ಸಲ ಸುಮ್ಮನೆ ಹೋದದ್ದಲ್ಲ. ಮಾವ ಮೂರು ಎಕರೆ ಗದ್ದೆ ಮಾರುವ ಮಾತೆತ್ತಿದ್ದರು. ಸಂಜೆ ಹೊಳೆ ಕಡೆ ನಡೆದೆವು. 2009ರ ಅಕ್ಟೋಬರಿನಲ್ಲಿ ನೆರೆ ಬಂದಾಗ ಮನೆಯವರೆಲ್ಲ ಸೇರಿ ನೆಲ್ಲಿನ ಚೀಲ ಅಟ್ಟಕ್ಕೆ ಏರಿಸಿದ್ದೆವು. "ಆಗ ಕೈ ಇದ್ವು, ಈಗ ನೆರಿ ಬಂದ್ರ ಯಾರು ಏರಸ್ತಾರ?" ಅಂದರು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ಅವರಿಗೆ ಇದಕ್ಕೆ ಉಲ್ಟಾ ಭಯ. ತುಂಬಿದ ಡ್ಯಾಮು ಖಾಲಿಯಾದರೆ ನಾಟಿ ಮಾಡಿದ್ದಕ್ಕೆ ನೀರೆಲ್ಲಿ? ಒಂದು ವಾರ ಟಿವಿ ಮುಂದಿನಿಂದ ಏಳಲಿಲ್ಲವಂತೆ. ಸ್ಟಾಪ್ ಲಾಗ್ ಕೂಡಿಸಿದರು, ಮಳೆಯೂ ಬಂತು, ಬೆಳೆ ಉಳಿಯಿತು. ಆದರೂ ಡ್ಯಾಮಿನಲ್ಲಿ ಮೊದಲು 133 ಟಿಎಂಸಿ ನಿಲ್ಲುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸು. ಮಾವನಿಗೆ ಈ ಅಂಕಿ ಬಾಯಿಪಾಠ.

ನಾನು ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಮಾರಿ ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಎಷ್ಟು, ಲಾವಣಿಗೆ ಕೊಟ್ಟರೆ ಎಷ್ಟು ಅಂತ. ಫೋನು ತೆಗೆದು ತೋರಿಸಲು ಯಾಕೋ ಮನಸ್ಸಾಗಲಿಲ್ಲ.

"2027ಕ್ಕ ಮತ್ತ ಜನಗಣತಿ ಅಂತಲ್ಲ, ನಿನ್ನ ಹೆಸರು ಎಲ್ಲಿ ಬರಸ್ತಿ?" ಅಂತ ಕೇಳಿದರು.

"ಪಾರ್ವತಿನಗರದಾಗ, ಮಾವ."

"ಹೂಂ" ಅಂದರು. ಸ್ವಲ್ಪ ದೂರ ನಡೆದ ಮೇಲೆ, ಈ ಬೆಳೆ ಕೊಯ್ಲಾಗಲಿ, ಆಮೇಲೆ ಮಾರೋದು ನೋಡೋಣ ಅಂದರು. ಮರುದಿನ ಬಸ್ಸಿಗೆ ಬಂದು, 25 ಕಿಲೋ ಸೋನಾಮಸೂರಿ ಚೀಲ ತಾವೇ ಎತ್ತಿ ನನ್ನ ಸೀಟಿನ ಕೆಳಗೆ ತಳ್ಳಿದರು.