ಕಾಕಾನ ಸೊಟ್ಟ ಪಾನಾ

ನಮ್ಮ ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ಬಣ್ಣ ಹೋದ, ಕ್ಯಾರಿಯರ್‌ಗೆ ಹಳೆ ಟ್ಯೂಬಿನ ತುಂಡು ಕಟ್ಟಿರುವ ಒಂದು ಲೇಡೀಸ್ ಸೈಕಲ್ ನಿಲ್ಲುತ್ತದೆ. ಅದು ನನ್ನದು. ಸರಿಯಾಗಿ ಹೇಳಬೇಕೆಂದರೆ ನಮ್ಮ ಆಪಾನದು. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿತ್ತು. ಆಪಾ ಎಂಟನೇ ತರಗತಿಯಲ್ಲಿದ್ದಾಗ ಅವಳಿಗೂ ಒಂದು ಸಿಕ್ಕಿತು. ನಾನು ಎಂಟನೇ ತರಗತಿಗೆ ಬರುವಷ್ಟರಲ್ಲಿ ಸೈಕಲ್ ಕೊಡುವುದು ನಿಂತಿತ್ತು. ಆಪಾ ಮದುವೆಯಾಗಿ ಚಿಂಚೋಳಿಗೆ ಹೋಗುವ ದಿನ ನನ್ನ ಕೈಗೆ ಬೀಗದ ಚಾವಿ ಕೊಟ್ಟು, "ಇದನ್ನು ಗುಜರಿಗೆ ಹಾಕಲು ಬಿಡಬೇಡ" ಎಂದಿದ್ದಳು.

ಮನೆಯಿಂದ ಕಾಲೇಜಿಗೆ ಆಟೋದಲ್ಲಿ ಬಂದರೆ ಹೋಗಲು ಇಪ್ಪತ್ತು, ಬರಲು ಇಪ್ಪತ್ತು ರೂಪಾಯಿ. ತಿಂಗಳಿಗೆ 25 ದಿನ ಎಂದರೆ ಒಂದು ಸಾವಿರ. ನಮ್ಮ ಅಬ್ಬಾ ಶಹಾಬಾದಿನಲ್ಲಿ ಫರ್ಶಿ ಕಲ್ಲಿಗೆ ಪಾಲಿಶ್ ಮಾಡುವ ಕೆಲಸದಲ್ಲಿದ್ದಾರೆ. ಮಳೆಗಾಲದಲ್ಲಿ ಕಲ್ಲಿನ ಗಣಿಗೆ ನೀರು ತುಂಬಿದರೆ ಅವರ ಕೆಲಸವೂ ಕಡಿಮೆ. ಹೀಗಾಗಿ ನಾನು ಕಾಮರ್ಸ್ ಓದುತ್ತಿರುವುದು ಒಂದು ರೀತಿಯಲ್ಲಿ ಆ ಸೈಕಲ್ಲಿನ ಮೇಲೆಯೇ ನಿಂತಿದೆ.

ನಮ್ಮ ಕಡೆಯ ಎರೆ ಮಣ್ಣು ನಿಮಗೆಲ್ಲ ಗೊತ್ತು. ತೊಗರಿಗೆ ಒಳ್ಳೆಯದು, ಸೈಕಲ್ಲಿಗೆ ಅಲ್ಲ. ಮಳೆ ಬಿದ್ದರೆ ಅಂಟಿನಂತೆ ಟೈರಿಗೆ ಹತ್ತಿಕೊಂಡು ಮಡ್‌ಗಾರ್ಡಿನ ಒಳಗೆ ತುಂಬಿಕೊಳ್ಳುತ್ತದೆ. ಕಡ್ಡಿ ಹಾಕಿ ತೆಗೆಯದಿದ್ದರೆ ಗಾಲಿ ತಿರುಗುವುದೇ ಇಲ್ಲ. ಹೀಗೆ ಎಳೆದೂ ಎಳೆದೂ ಕಳೆದ ಮಳೆಗಾಲದಲ್ಲಿ ನನ್ನ ಸೈಕಲ್ಲಿನ ಮುಂದಿನ ಮಡ್‌ಗಾರ್ಡ್ ಸಡಿಲಾಯಿತು. ಮೊದಲು ಕಟಕಟ ಸದ್ದು ಮಾಡುತ್ತಿತ್ತು. ಆಮೇಲೆ ಟೈರಿನ ಮೇಲೆ ಕೂತುಬಿಟ್ಟಿತು. ಬುರ್ಖಾದ ಅಂಚೆಲ್ಲ ಕೆಸರು. ಅಮ್ಮಿಗೆ ಕೆಸರಿನ ಚಿಂತೆ. ಅಬ್ಬಾಗೆ ಬೇರೆಯೇ ಚಿಂತೆ. ಮುಂದಿನ ಮಡ್‌ಗಾರ್ಡ್ ಕಿತ್ತು ಗಾಲಿಯೊಳಗೆ ಸಿಕ್ಕಿದರೆ ಗಾಲಿ ಒಮ್ಮೆಲೇ ನಿಂತು, ಹೊಡೆಯುವವರು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾರೆ. ವಾಡಿ ಕಡೆಗೆ ಸಿಮೆಂಟ್ ಲಾರಿಗಳು ಓಡಾಡುವ ರಸ್ತೆಯಲ್ಲಿ ಹಾಗೆ ಬಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. "ರಿಪೇರಿ ಆಗೋವರೆಗೂ ಸೈಕಲ್ ಬೇಡ" ಎಂದರು.

ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಅಬ್ಬಾನ ಪಕ್ಕಡ್ ತೆಗೆದುಕೊಂಡು ನಟ್ಟು ತಿರುಗಿಸಿದೆ. ಪಕ್ಕಡ್ ಜಾರಿ ಜಾರಿ ನಟ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾದವು. ಕೊನೆಗೆ ಸ್ಟೇಷನ್ ಕಡೆಯ ರಸ್ತೆಯ ಸೈಕಲ್ ಅಂಗಡಿಗೆ ತಳ್ಳಿಕೊಂಡು ಹೋದೆ.

ಆ ಅಂಗಡಿ ಎಂದರೆ ಒಂದು ತಗಡಿನ ಡಬ್ಬಿ, ಒಂದು ಬೇವಿನ ಮರ, ಮರಕ್ಕೆ ಕಟ್ಟಿದ ಟೈರು. ಮಿಸ್ತ್ರಿ ಕಾಕಾಗೆ ವಯಸ್ಸಾಗಿದೆ. ಅವರು ಸವೆದ ನಟ್ಟನ್ನು ನೋಡಿ, "ಇದಕ್ಕ ಪಕ್ಕಡ್ ಹಚ್ಚಿದವರು ಯಾರು?" ಎಂದರು. ನಾನು ಸುಮ್ಮನಿದ್ದೆ. ಅವರು ನಕ್ಕು ತಗಡಿನ ಡಬ್ಬಿಯಿಂದ ಒಂದು ವಿಚಿತ್ರ ಪಾನಾ ತೆಗೆದರು.

ಆ ಪಾನಾದ ಬಗ್ಗೆ ಸ್ವಲ್ಪ ಹೇಳಬೇಕು. ಮುಂದಿನ ಮಡ್‌ಗಾರ್ಡನ್ನು ಮೂರು ಕಡೆ ಬಿಗಿಯುತ್ತಾರೆ. ಎರಡು ಕಡ್ಡಿಗಳು ಕೆಳಗೆ ಗಾಲಿಯ ಎಕ್ಸೆಲ್‌ಗೆ, ಎಡಕ್ಕೊಂದು ಬಲಕ್ಕೊಂದು. ಮೂರನೆಯದು ಮೇಲೆ, ಫೋರ್ಕಿನ ತಲೆಯ ಮೂಲಕ ಹಾಯುವ ಬೋಲ್ಟು. ಕೆಳಗಿನ ಎರಡು ನಟ್ಟುಗಳಿಗೆ ಯಾವ ಪಾನಾ ಆದರೂ ನಡೆಯುತ್ತದೆ. ಆದರೆ ಮೇಲಿನ ಬೋಲ್ಟಿನ ನಟ್ಟು ನನ್ನ ಸೈಕಲ್ಲಿನಲ್ಲಿ ಫೋರ್ಕು ಮತ್ತು ಮಡ್‌ಗಾರ್ಡಿನ ನಡುವೆ, ಬೆರಳು ಹೋಗದಷ್ಟು ಸಣ್ಣ ಸಂದಿಯಲ್ಲಿದೆ. ಅಂಗಡಿಯಲ್ಲಿ ಸಿಗುವ 10 ಎಂಎಂ ಪಾನಾ ಅಳತೆಗೆ ಸರಿ, ದಪ್ಪಕ್ಕೆ ಸರಿಯಲ್ಲ, ಸಂದಿಯೊಳಗೆ ಇಳಿಯುವುದಿಲ್ಲ. ಅದಕ್ಕೇ ಬಹಳ ಜನ ಮುಂದಿನ ಗಾಲಿಯನ್ನೇ ಬಿಚ್ಚಿ ಕೆಲಸ ಮಾಡುತ್ತಾರೆ. ಕಾಕಾನ ಪಾನಾದ ಬಾಯಿ ತೆಳ್ಳಗೆ ಉಜ್ಜಿದ್ದು, ಕುತ್ತಿಗೆ ಸೊಟ್ಟಗೆ ಬಾಗಿಸಿದ್ದು. ಗಾಲಿ ಬಿಚ್ಚದೆ, ಪಕ್ಕದಿಂದ ತೂರಿಸಿ ಸವೆದ ನಟ್ಟು ತೆಗೆದು ಹೊಸದು ಹಾಕಿದರು. ಐದು ನಿಮಿಷದ ಕೆಲಸ.

"ಎರಡು ದಿನ ಹೊಡದ ಮ್ಯಾಲ ವಾಷರ್ ಕೂಡ್ತದ, ನಟ್ಟು ಸ್ವಲ್ಪ ಸಡ್ಲ ಆಗ್ತದ. ಮತ್ತೊಮ್ಮಿ ಬಿಗೀಬೇಕು. ನಾ ಪಂಚಮಿಗಿ ಮಗಳಿಗಿ ಕರ್ಕೊಂಡ್ ಬರ್ಲಾಕ್ ಹೊಂಟೀನಿ, ಅಂಗಡಿ ಬಂದ್ ಇರ್ತದ. ಇದು ಒಯ್ಯಿ ಯವ್ವಾ, ನೀನೇ ಬಿಗದು, ಆಮ್ಯಾಲ ತಂದ್ಕೊಡು" ಎಂದು ಆ ಪಾನಾವನ್ನು ನನ್ನ ಕೈಗೆ ಕೊಟ್ಟರು. ನನ್ನ ಹೆಸರನ್ನೂ ಕೇಳಲಿಲ್ಲ.

ಎರಡು ದಿನದ ನಂತರ ನಾನೇ ನಟ್ಟು ಬಿಗಿದೆ. ಮೊದಲ ಸಲ ಸರಿಯಾಗಿ ಬಿಗಿದ ಸಂತೋಷದಲ್ಲಿ ಪಾನಾವನ್ನು ಪುಸ್ತಕದ ಜೊತೆ ಕ್ಯಾರಿಯರ್‌ಗೆ ಸಿಕ್ಕಿಸಿ ಕಾಲೇಜಿಗೆ ಬಂದೆ. ಸಂಜೆ ಮನೆಗೆ ಹೋಗಿ ನೋಡಿದರೆ ಪುಸ್ತಕ ಇತ್ತು, ಪಾನಾ ಇರಲಿಲ್ಲ.

ಬಂದ ದಾರಿಯಲ್ಲೇ ತಲೆ ಬಗ್ಗಿಸಿಕೊಂಡು ಮೂರು ಸಲ ಓಡಾಡಿದೆ. ಕೆಸರಿನಲ್ಲಿ ಎಲ್ಲಿ ಹೂತಿತ್ತೋ ಸಿಗಲಿಲ್ಲ. ಆಗ ನನಗೆ ಹೊಳೆದದ್ದು ಒಂದೇ: ಕಾಕಾಗೆ ಗೊತ್ತಾಗುವ ಮೊದಲು ಅಂಥದ್ದೇ ಒಂದನ್ನು ಕೊಂಡು ತಂದುಕೊಡಬೇಕು. ಈದಿಗೆ ಸಿಕ್ಕ ಹಣ ನನ್ನ ಬಳಿ ಇತ್ತು.

ವಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿಯವರು ಒಂದು ಕೋನ್ ಪಾನಾ ತೋರಿಸಿದರು. ತೆಳ್ಳಗೇನೋ ಇತ್ತು. ಗಾಲಿಯ ಹಬ್ಬಿನಲ್ಲಿ ನಟ್ಟಿನ ಕೆಳಗಿರುವ ಕೋನನ್ನು ಹಿಡಿಯಲು ಮಾಡಿದ ಪಾನಾ ಅದು, ಆದ್ದರಿಂದ ತೆಳ್ಳಗಿರಲೇಬೇಕು. ಆದರೆ ಅದು ನೇರ, ಅಳತೆಯೂ ದೊಡ್ಡದು. ಚಿತ್ತಾಪುರದಿಂದ ಬರುವ ನನ್ನ ಗೆಳತಿ ತನ್ನ ಅಣ್ಣನಿಂದ ಅಲ್ಲಿನ ಎರಡು ಅಂಗಡಿಗಳಲ್ಲಿ ಕೇಳಿಸಿದಳು, ಇಲ್ಲ. ಸೇಡಂನಲ್ಲಿರುವ ಮಾಮೂ ಹೊಸ ಸೈಕಲ್ ಅಂಗಡಿಯೊಂದರಿಂದ ಅಲನ್ ಕೀಗಳ ಒಂದು ಸೆಟ್ಟಿನ ಫೋಟೋ ಕಳಿಸಿದರು. ಗೇರ್ ಸೈಕಲ್‌ಗಳಲ್ಲಿ ಮಡ್‌ಗಾರ್ಡಿನ ಸಣ್ಣ ಬೋಲ್ಟಿಗೆ 4 ಎಂಎಂ ಅಲನ್ ಕೀ ಸಾಕು, ಕೆಲವು ಪ್ಲಾಸ್ಟಿಕ್ ಮಡ್‌ಗಾರ್ಡಿಗೆ ಅದೂ ಬೇಡ, ಒತ್ತಿದರೆ ಕೂತುಕೊಳ್ಳುತ್ತದೆ. "ಆ ಹಳೇ ಸಾಮಾನು ಈಗ ಯಾರ್ ಇಡ್ತಾರೆ" ಎಂದು ಅಂಗಡಿಯವರು ಅಂದರಂತೆ. ಚಿಂಚೋಳಿಯಲ್ಲಿ ಆಪಾ ಕೂಡ ಕೇಳಿ ನೋಡಿದಳು. ಅಲ್ಲಿನ ಮಿಸ್ತ್ರಿ ಅವಳಿಗೆ ಹೇಳಿದ ಮಾತೇ ಕೊನೆಗೆ ನಿಜವಾಯಿತು: ಅಂಥ ಪಾನಾ ಮಾರಾಟಕ್ಕೆ ಬರುವುದಿಲ್ಲ, ಪ್ರತಿಯೊಬ್ಬ ಮಿಸ್ತ್ರಿ ತನಗೆ ಬೇಕಾದದ್ದನ್ನು ತಾನೇ ಮಾಡಿಕೊಂಡಿರುತ್ತಾನೆ.

ಹೀಗೆ ಒಂಬತ್ತು ದಿನ ಹೋದವು. ಅಷ್ಟೂ ದಿನ ನಾನು ಕಾಕಾನ ಅಂಗಡಿಯ ದಾರಿ ಬಿಟ್ಟು ಸುತ್ತುಹಾಕಿ ಬರುತ್ತಿದ್ದೆ. ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸದ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ, ತಪ್ಪು ಸಿಕ್ಕ ಮೇಲೆ ಆ ಖಾತೆ ಮುಚ್ಚುತ್ತೇವೆ ಎಂದು ಲೆಕ್ಕಶಾಸ್ತ್ರದಲ್ಲಿ ಓದಿದ್ದೇವಲ್ಲ? ನನ್ನ ತಪ್ಪು ಎಲ್ಲಿದೆ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಆದರೂ ಖಾತೆ ಮುಚ್ಚಲಿಲ್ಲ.

ಕೊನೆಗೆ ಅಬ್ಬಾ ಫೋನಿನಲ್ಲಿ ಆಪಾ ಜೊತೆ ಮಾತನಾಡುವಾಗ ವಿಷಯ ಹೊರಬಿತ್ತು. ಅವರು ಬೈಯಲಿಲ್ಲ. "ಅಮಾನತ್ ಗುಮ್ ಗಯಾ ತೋ ಪೈಲೆ ಜಾಕೋ ಬೋಲ್ನಾ, ಢೂಂಡ್ನಾ ಬಾದ್ ಮೇ" ಎಂದರು. ನಂಬಿ ಕೊಟ್ಟ ವಸ್ತು ಕಳೆದರೆ ಮೊದಲು ಹೋಗಿ ಹೇಳಬೇಕು, ಹುಡುಕುವುದು ಆಮೇಲೆ ಎಂದು ಅರ್ಥ. ಕನ್ನಡ ಪತ್ರಿಕೆಯಲ್ಲಿ "ಅಧಿಕಾರಿ ಅಮಾನತು" ಎಂದು ಓದುವಾಗೆಲ್ಲ ನನಗೆ ಗೊಂದಲವಾಗುತ್ತಿತ್ತು. ನಮ್ಮ ಮನೆಯಲ್ಲಿ ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮ ಬಳಿ ಇಟ್ಟದ್ದು. ಪತ್ರಿಕೆಯಲ್ಲಿ ಕೆಲಸದಿಂದ ದೂರ ಇಡುವುದು. ಆ ಒಂಬತ್ತು ದಿನ ನನಗೆ ಎರಡೂ ಅರ್ಥ ಹೊಂದುತ್ತಿದ್ದವು.

ಮರುದಿನ ಸಂಜೆ ಹೋದೆ. ಕಾಕಾ ಬೇವಿನ ಮರದ ಕೆಳಗೆ ಒಬ್ಬ ಹುಡುಗನ ಸೈಕಲ್ಲಿನ ಮುಂದಿನ ಗಾಲಿ ಬಿಚ್ಚಿಕೊಂಡು ಕೂತಿದ್ದರು. ಮಡ್‌ಗಾರ್ಡಿನ ಕೆಲಸವೇ. ನನಗೆ ತಟ್ಟನೆ ಅರ್ಥವಾಯಿತು: ಐದು ನಿಮಿಷದ ಕೆಲಸಕ್ಕೆ ಅವರು ಇಷ್ಟು ದಿನವೂ ಅರ್ಧ ಗಂಟೆ ಕಳೆದಿದ್ದಾರೆ, ತೆಗೆದುಕೊಂಡ ಹಣ ಅಷ್ಟೇ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಈದಿಯ ಹಣವನ್ನು ಮುಂದೆ ಹಿಡಿದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದು ನಮ್ಮಪ್ಪ ಮಾಡಿದ್ದು ಇತ್ತವಾ" ಎಂದರು. ನನಗೆ ಅಳು ಬಂತು. ಆಮೇಲೆ ಅವರೇ, "ರೊಕ್ಕ ಇಟ್ಕೋ. ರೊಕ್ಕಕ್ಕ ಸಿಗ್ತಿದ್ರ ನೀನೇ ತರ್ತಿದ್ದಿ. ನಾಳಿ ಬಾ, ಮಾಡಮು. ಆದ್ರ ಉಜ್ಜೂದು ನೀನು" ಎಂದರು.

ಹಾಗೆ ಮೂರು ಸಂಜೆ ನಾನು ಸೈಕಲ್ ಅಂಗಡಿಯಲ್ಲಿ ಕೂತೆ. ಮೊದಲ ದಿನ ಅಮ್ಮಿ ಒಪ್ಪಲಿಲ್ಲ. ಅಬ್ಬಾ ಕೆಲಸದಿಂದ ಬರುವಾಗ ಅಂಗಡಿಗೆ ಬಂದು ಜೊತೆಗೆ ಕರೆದುಕೊಂಡು ಹೋಗುತ್ತಾರೆ ಎಂದ ಮೇಲೆ ಒಪ್ಪಿದರು. ಕಾಕಾ ಒಂದು ಹಳೆ 10 ಎಂಎಂ ಪಾನಾವನ್ನು ಇದ್ದಿಲ ಒಲೆಯಲ್ಲಿ ಕೆಂಪಗೆ ಕಾಯಿಸಿ, ಕುತ್ತಿಗೆ ಬಾಗಿಸಿ, ಸುಟ್ಟ ಇಂಜಿನ್ ಎಣ್ಣೆಯಲ್ಲಿ ಅದ್ದಿದರು. ಕೆಂಪಗೆ ಕಾದ ಉಕ್ಕು ತಾನಾಗಿ ಆರಿದರೆ ಮೆತ್ತಗಾಗುತ್ತದೆ, ಎಣ್ಣೆಗೆ ಅದ್ದಿದರೆ ಗಟ್ಟಿಯಾಗುತ್ತದೆ ಎಂದು ವಿವರಿಸಿದರು. ನಂತರ ಪಕ್ಕದ ವೆಲ್ಡಿಂಗ್ ಅಂಗಡಿಯ ಗ್ರೈಂಡರಿನಲ್ಲಿ ಬಾಯಿಯ ದಪ್ಪ ಇಳಿಸಿದರು. ಪ್ರತಿ ಸಲವೂ ನೀರಿಗೆ ಅದ್ದಬೇಕು. ಲೋಹಕ್ಕೆ ನೀಲಿ ಬಣ್ಣ ಬಂತೆಂದರೆ ಗಟ್ಟಿತನ ಹೋಗುತ್ತಿದೆ ಎಂದೇ ಲೆಕ್ಕ. ಉಳಿದದ್ದು ಅರದಿಂದ ಉಜ್ಜುವ ಕೆಲಸ, ಅದು ನನ್ನದು. ರಸ್ತೆಯಲ್ಲಿ ಹೋಗುವವರು ಬುರ್ಖಾ ಹಾಕಿದ ಹುಡುಗಿ ಅರ ಹಿಡಿದದ್ದನ್ನು ನಿಂತು ನೋಡುತ್ತಿದ್ದರು. ಎರಡನೆಯ ದಿನ ನನಗೆ ಅವರ ಕಡೆ ನೋಡಲು ಪುರುಸೊತ್ತೇ ಇರಲಿಲ್ಲ.

ಆ ಮೂರು ಸಂಜೆಗಳಲ್ಲಿ ಇನ್ನೊಂದು ಗಮನಕ್ಕೆ ಬಂತು. ಪೇಚಕಸ್ ನಮ್ಮ ಮನೆಯ ಮಾತು, ಮೂಲ ಫಾರಸಿ. ಚಾವಿ, ಮಿಸ್ತ್ರಿ ಎರಡೂ ಪೋರ್ಚುಗೀಸರ ಕಡೆಯಿಂದ ಬಂದವು. ಮಡ್‌ಗಾರ್ಡ್ ಇಂಗ್ಲಿಷು. ಅರ, ಸುತ್ತಿಗೆ ಕನ್ನಡ. ಕನ್ನಡದಲ್ಲಿ ತಪ್ಪಾದೀತು ಎಂದು ತರಗತಿಯಲ್ಲಿ ಬಾಯಿ ಬಿಡದ ನಾನು, ಆ ಮರದ ಕೆಳಗೆ ಒಂದು ಸಲವೂ ಹೆದರದೆ ಮಾತಾಡಿದ್ದೆ. ಈ ಲೇಖನ ಬರೆಯುವ ಧೈರ್ಯ ಬಂದದ್ದೂ ಅಲ್ಲಿಂದಲೇ.

ಹೊಸ ಪಾನಾ ಹಳೆಯದರಷ್ಟು ಚೆನ್ನಾಗಿಲ್ಲ. ಬಾಗು ಒಂದು ಕೂದಲಷ್ಟು ಹೆಚ್ಚಾಗಿದೆ. ಕೆಲವು ಸೈಕಲ್‌ಗಳಿಗೆ ಕೂಡುತ್ತದೆ, ಕೆಲವಕ್ಕೆ ಕಾಕಾ ಈಗಲೂ ಗಾಲಿ ಬಿಚ್ಚುತ್ತಾರೆ. ಅವರು ದೂರಿಲ್ಲ. ಆದರೆ ಪ್ರತಿ ಸಲ ಆ ದಾರಿಯಲ್ಲಿ ಹೋಗುವಾಗ ಬಿಚ್ಚಿಟ್ಟ ಗಾಲಿ ಇದೆಯೇ ಎಂದು ನನ್ನ ಕಣ್ಣು ಹುಡುಕುತ್ತದೆ. ಇದ್ದರೆ ಇಳಿದು, ಗಾಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತು ಬರುತ್ತೇನೆ.

ಗೆಳೆಯರೇ, ಮಳೆಗಾಲದ ಮೊದಲು ನಿಮ್ಮ ಸೈಕಲ್ಲಿನ ಮುಂದಿನ ಮಡ್‌ಗಾರ್ಡನ್ನು ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಪಕ್ಕಡ್ ಹಚ್ಚಬೇಡಿ, ಮಿಸ್ತ್ರಿಯ ಬಳಿ ಹೋಗಿ. ಮತ್ತೆ, ಜುಲೈ-ಆಗಸ್ಟಿನಲ್ಲಿ ಕಾಲೇಜಿನ ದಾರಿಯಲ್ಲಿ ಕುತ್ತಿಗೆ ಸೊಟ್ಟಗಿರುವ ಒಂದು ತೆಳ್ಳನೆಯ ಪಾನಾ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ದ್ವಿತೀಯ ಪಿಯುಸಿ ಕಾಮರ್ಸ್ ತರಗತಿಗೆ ತಂದುಕೊಡಿ. ಅದು ಒಬ್ಬರ ಅಮಾನತ್.